ಮಣ್ಣುಗೋಡೆಯ ಚಾಪೆಲ್, ಆರು ಕೂಲಿಕಾರರು

ದಕ್ಷಿಣ ಇಂಗ್ಲೆಂಡಿನ ಡಾರ್ಸೆಟ್ ಸೀಮೆಯಲ್ಲಿ ಟಾಲ್‌ಪಡಲ್ ಎಂಬ ಪುಟ್ಟ ಹಳ್ಳಿಯಿದೆ. ಅಲ್ಲಿನ ಮೆಥೊಡಿಸ್ಟರು 1818ರಲ್ಲಿ ತಮಗೊಂದು ಚಾಪೆಲ್ (ಪ್ರಾರ್ಥನಾಮಂದಿರ) ಕಟ್ಟಿಕೊಂಡರು. ಹುಲ್ಲು ಬೆರೆಸಿದ ಮಣ್ಣಿನ ಗೋಡೆಯ ಸಣ್ಣ ಕಟ್ಟಡ. ಜಗತ್ತಿನ ಕಾರ್ಮಿಕ ಚಳವಳಿ ಇಂದಿಗೂ ನೆನೆಯುವ ಆರು ಮಂದಿಯ ಕಥೆಗೆ ಬೇರು ಈ ಕಟ್ಟಡದಲ್ಲಿದೆ.

ಮೈಸೂರು, ತುಮಕೂರಿನವರಿಗೆ ವೆಸ್ಲಿಯನ್ ಮಿಷನ್ ಹೆಸರು ಹೊಸದಲ್ಲ. ಆ ಮಿಷನ್ನಿನ ಮೆಥೊಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿ 18ನೇ ಶತಮಾನದಲ್ಲಿ ಕುದುರೆಯೇರಿ ಊರೂರು ಸುತ್ತಿ, ಬಯಲಲ್ಲಿ ನಿಂತು ಬೋಧಿಸಿದವರು. ಜನರನ್ನು ಸೇರಿಸುವುದಕ್ಕಿಂತ ಸೇರಿದವರನ್ನು ಹಿಡಿದಿಡುವುದರಲ್ಲಿ ಅವರ ನಿಜವಾದ ಜಾಣ್ಮೆಯಿತ್ತು. 1742ರಲ್ಲಿ ಬ್ರಿಸ್ಟಲ್‌ನ ಸಭಾಮಂದಿರದ ಸಾಲ ತೀರಿಸಲು, ಪ್ರತಿಯೊಬ್ಬರೂ ವಾರಕ್ಕೊಂದು ಪೆನ್ನಿ ಕೊಡಬೇಕೆಂಬ ಏರ್ಪಾಡಾಯಿತು. ಹತ್ತು ಹನ್ನೆರಡು ಜನರ ಒಂದೊಂದು ಗುಂಪಿಗೆ ಒಬ್ಬ ಮುಖಂಡ. ಕಾಸು ಕೇಳಲು ಹೋದವನು ಕಷ್ಟಸುಖವನ್ನೂ ಕೇಳತೊಡಗಿದ. ಅದೇ ಮೆಥೊಡಿಸ್ಟರ ‘ಕ್ಲಾಸ್’ ಪದ್ಧತಿಯಾಯಿತು. ಸಭೆಯಲ್ಲಿ ಬೋಧಿಸಲು ಪಾದ್ರಿಯೇ ಆಗಬೇಕೆಂದಿರಲಿಲ್ಲ. ಅರ್ಹತೆಯಿದ್ದರೆ ಕೂಲಿಕಾರನೂ ಸ್ಥಳೀಯ ಬೋಧಕನಾಗಬಹುದಿತ್ತು.

ಟಾಲ್‌ಪಡಲ್‌ನ ಜಾರ್ಜ್ ಲವ್‌ಲೆಸ್ ಅಂಥ ಬೋಧಕ. ಹಗಲೆಲ್ಲ ಹೊಲದ ದುಡಿಮೆ. ಆ ಕೂಲಿಯಲ್ಲೇ ಉಳಿಸಿ ಧರ್ಮಗ್ರಂಥಗಳ ಚಿಕ್ಕದೊಂದು ಸಂಗ್ರಹ ಮಾಡಿಕೊಂಡಿದ್ದ. ತಮ್ಮ ಜೇಮ್ಸ್ ಕೂಡ ಬೋಧಕನೇ. ಭಾವ ಥಾಮಸ್ ಸ್ಟ್ಯಾಂಡ್‌ಫೀಲ್ಡ್ ಸಹ ಇದೇ ಸಭೆಯವನು.

1830ರ ದಶಕದ ಆರಂಭದಲ್ಲಿ ಇಲ್ಲಿನ ವಾರದ ಕೂಲಿ ಒಂಬತ್ತು ಶಿಲಿಂಗ್‌ನಿಂದ ಎಂಟಕ್ಕೆ, ಆಮೇಲೆ ಏಳಕ್ಕೆ ಇಳಿಯಿತು. ಇನ್ನು ಆರೇ ಶಿಲಿಂಗ್ ಎಂಬ ಮಾತೂ ಬಂತು. ಆಗ, 1833ರಲ್ಲಿ, ಸ್ಟ್ಯಾಂಡ್‌ಫೀಲ್ಡ್‌ನ ಮನೆಯಲ್ಲಿ ಕೃಷಿಕೂಲಿಗಳ ಸಂಘ ಹುಟ್ಟಿತು. ಚಂದಾ ಎತ್ತುವುದು, ಸದಸ್ಯರ ಪಟ್ಟಿ ಇಡುವುದು, ಸರದಿಯಲ್ಲಿ ಮಾತಾಡುವುದು, ನಿಯಮಕ್ಕೆ ಬದ್ಧರಾಗಿರುವುದು ಇವೆಲ್ಲ ಚಾಪೆಲ್‌ನಲ್ಲಿ ರೂಢಿಯಾಗಿದ್ದ ಕೆಲಸಗಳೇ.

ಸಂಘ ಕಟ್ಟುವುದು ಆಗ ಅಪರಾಧವಾಗಿರಲಿಲ್ಲ. ಹಾಗಾಗಿ ಮ್ಯಾಜಿಸ್ಟ್ರೇಟ್ ಜೇಮ್ಸ್ ಫ್ರಾಂಪ್ಟನ್ ಹಳೆಯದೊಂದು ಕಾಯ್ದೆ ಹುಡುಕಿದ. ನೌಕಾಪಡೆಯ ದಂಗೆ ಅಡಗಿಸಲು 1797ರಲ್ಲಿ ತಂದಿದ್ದ ಕಾನೂನದು. ಸಂಘ ಸೇರುವವರಿಗೆ ರಹಸ್ಯ ಪ್ರತಿಜ್ಞೆ ಬೋಧಿಸಿದ ಆರೋಪ ಹೊರಿಸಿ 1834ರ ಫೆಬ್ರವರಿ 24ರ ಬೆಳಗಿನ ಜಾವ ಆರು ಮಂದಿಯನ್ನು ಬಂಧಿಸಲಾಯಿತು: ಲವ್‌ಲೆಸ್ ಸೋದರರು, ಸ್ಟ್ಯಾಂಡ್‌ಫೀಲ್ಡ್ ತಂದೆ ಮಗ, ಜೇಮ್ಸ್ ಹ್ಯಾಮೆಟ್, ಜೇಮ್ಸ್ ಬ್ರೈನ್. ಮಾರ್ಚ್‌ನಲ್ಲಿ ತೀರ್ಪು ಬಂತು. ಏಳು ವರ್ಷ ಆಸ್ಟ್ರೇಲಿಯಾಕ್ಕೆ ಗಡೀಪಾರು.

ಕಂಗೆಟ್ಟ ಅವರ ಮನೆಮಂದಿಗೆ ಪ್ಯಾರಿಷ್‌ನ ಬಡವರ ನೆರವನ್ನೂ ನಿರಾಕರಿಸಲಾಯಿತು. ಕಾರ್ಮಿಕ ಸಂಘಗಳು ಚಂದಾ ಎತ್ತಿ ಅವರನ್ನು ಸಲಹಿದವು. ವೆಸ್ಲಿಯನ್ ಪಂಥದ ಹಿರಿಯರು ಮಾತ್ರ ರಾಜಕೀಯದ ಉಸಾಬರಿ ಬೇಡವೆನ್ನುತ್ತಿದ್ದ ಕಾಲವದು. ಏಪ್ರಿಲ್ 21ರಂದು ಈ ಶಿಕ್ಷೆಯನ್ನು ವಿರೋಧಿಸಿ ಲಂಡನ್ನಿನಲ್ಲಿ ಭಾರಿ ಮೆರವಣಿಗೆ ನಡೆಯಿತು. 1836ರಲ್ಲಿ ಕ್ಷಮಾದಾನ ಸಿಕ್ಕಿತು. ಮರಳಿ ಬಂದವರಲ್ಲಿ ಐವರು ಮುಂದೆ ಕೆನಡಾಕ್ಕೆ ವಲಸೆ ಹೋದರು. ಹ್ಯಾಮೆಟ್ ಒಬ್ಬನೇ ಟಾಲ್‌ಪಡಲ್‌ನಲ್ಲಿ ನೆಲೆಸಿ, 1891ರಲ್ಲಿ ಡಾರ್ಚೆಸ್ಟರ್‌ನ ನಿರ್ಗತಿಕರ ದುಡಿಮೆಮನೆಯಲ್ಲಿ (ವರ್ಕ್‌ಹೌಸ್) ತೀರಿಕೊಂಡ.

ಊರಿನ ಮೆಥೊಡಿಸ್ಟ್ ಸಭೆ ಅಳಿಯಲಿಲ್ಲ. 1860ರ ದಶಕದಲ್ಲಿ ಊರಲ್ಲಿ ಹೊಸ ಚಾಪೆಲ್ ಎದ್ದಿತು. 1912ರಲ್ಲಿ ಅದರ ಮುಂದೆ ಸ್ಮಾರಕ ಕಮಾನು ನಿಂತಿತು. ಅದನ್ನು ಅನಾವರಣ ಮಾಡಿದ ಲೇಬರ್ ಪಕ್ಷದ ಆರ್ಥರ್ ಹೆಂಡರ್ಸನ್ ಕೂಡ ಮೆಥೊಡಿಸ್ಟ್ ಬೋಧಕರೇ. ಹಳೆಯ ಮಣ್ಣುಗೋಡೆಯ ಚಾಪೆಲ್ ಮಾತ್ರ ರೈತರ ಕೊಟ್ಟಿಗೆ, ಉಗ್ರಾಣವಾಗಿ ಶಿಥಿಲಗೊಂಡಿತು. 2015ರಲ್ಲಿ ಸ್ಥಳೀಯರ ಟ್ರಸ್ಟ್ ಅದನ್ನು ಕೊಂಡು ಉಳಿಸಲು ಮುಂದಾಯಿತು.

ಪ್ರತಿ ಜುಲೈಯಲ್ಲಿ ಬ್ರಿಟನ್ನಿನ ಕಾರ್ಮಿಕ ಸಂಘಗಳು ಬಾವುಟ ಹಿಡಿದು ಟಾಲ್‌ಪಡಲ್‌ನಲ್ಲಿ ಮೆರವಣಿಗೆ ಹೊರಡುತ್ತವೆ. ಆ ಆರು ಮಂದಿಯ ಧೈರ್ಯಕ್ಕೆ ಸಲ್ಲುವ ಗೌರವದಲ್ಲಿ, ಅವರಿಗೆ ಒಟ್ಟಾಗಿ ಕೂರುವುದನ್ನೂ ಎದ್ದುನಿಂತು ಮಾತಾಡುವುದನ್ನೂ ಕಲಿಸಿದ ಹಳ್ಳಿಯ ಸಭೆಗೂ ಪಾಲಿದೆ.