ಲಾರಿ ಹಡಗನ್ನೇರಿದ ಮೇಲೆ: ಕಡಲು ಕೆರಳಿದರೆ ಆಗುವುದೇನು?

ನಮ್ಮ ಕೂಕಟ್‌ಪಲ್ಲಿಯ ನಡುವೆ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 65, ಪಶ್ಚಿಮಕ್ಕೆ ಜಹೀರಾಬಾದ್, ಹುಮನಾಬಾದ್, ಬಸವಕಲ್ಯಾಣಗಳನ್ನು ದಾಟಿ ಪುಣೆಯನ್ನು ಸೇರುತ್ತದೆ. ಪೂರ್ವಕ್ಕೆ ವಿಜಯವಾಡದ ಮೂಲಕ ಮಚಲೀಪಟ್ಟಣದ ಕಡಲಂಚನ್ನು ಮುಟ್ಟುತ್ತದೆ. ಹಗಲಿರುಳೆನ್ನದೆ ಈ ದಾರಿಯಲ್ಲಿ ಸಾಗುವ ಲಾರಿಗಳ ಸಾಲನ್ನು ನಾವೆಲ್ಲರೂ ನೋಡಿದ್ದೇವೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದಾಗ ಇಲ್ಲಿನ ತೆಲುಗು ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುವ ‘ಮೂರನೆಯ ನಂಬರು ಎಚ್ಚರಿಕೆ’ಯ ಸುದ್ದಿಯೂ ನಮಗೆ ಹೊಸದಲ್ಲ. ಲಾರಿಗೂ ಕಡಲಿನ ಎಚ್ಚರಿಕೆಗೂ ಏನು ಸಂಬಂಧ ಎಂದು ಕೇಳಬಹುದು. ಲಾರಿಯು ಹಡಗನ್ನೇರಿ ನೀರು ದಾಟುವ ಕಡೆಗಳಲ್ಲಿ ಆ ಸಂಬಂಧವು ನೂರಾರು ಜನರ ಪ್ರಾಣಕ್ಕೆ ಸಂಬಂಧಿಸಿದ್ದಾಗಿರುತ್ತದೆ. ಅದರ ಕಾರಣಗಳನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಕನ್ನಡ ನಾಡಿನ ನೆನಪು

ವಾಹನವನ್ನು ದೋಣಿಯ ಮೇಲೇರಿಸಿ ನೀರು ದಾಟುವುದು ಕನ್ನಡಿಗರಿಗೆ ಅಪರಿಚಿತವಲ್ಲ. ಲಿಂಗನಮಕ್ಕಿ ಅಣೆಕಟ್ಟಿನಿಂದಾಗಿ ಶರಾವತಿಯ ಹಿನ್ನೀರು ಹರಡಿಕೊಂಡ ಮೇಲೆ ತುಮರಿ ಭಾಗದ ಜನರಿಗೂ ಸಿಗಂದೂರು ಚೌಡೇಶ್ವರಿಯ ಭಕ್ತರಿಗೂ ದಶಕಗಳ ಕಾಲ ಲಾಂಚೇ ಗತಿಯಾಗಿತ್ತು. ಬಸ್ಸು, ಕಾರು, ಸರಕಿನ ವಾಹನಗಳು ಹೊಳೆಬಾಗಿಲಿನಲ್ಲಿ ಸರದಿಗಾಗಿ ಕಾಯುತ್ತಿದ್ದವು. 2025ರ ಜುಲೈ 14ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವಿನ ಸೇತುವೆ ಉದ್ಘಾಟನೆಗೊಂಡು ಆ ಕಾಯುವಿಕೆ ಮುಗಿಯಿತು. ಕಾರವಾರದಲ್ಲಿಯೂ ಕಾಳಿ ನದಿಗೆ ಸೇತುವೆಯಾಗುವ ಮೊದಲು ಕೋಡಿಬಾಗ ಮತ್ತು ಸದಾಶಿವಗಡಗಳ ನಡುವೆ ಜಲಮಾರ್ಗವೇ ಆಸರೆಯಾಗಿತ್ತು.

ನಮ್ಮ ಕರಾವಳಿಯ ಲಾರಿಗಳಿಗೆ ಇನ್ನೊಂದು ವಿಶಿಷ್ಟ ಅನುಭವವೂ ಉಂಟು. ಕೊಂಕಣ ರೈಲ್ವೆಯು 1999ರ ಜನವರಿ 26ರಂದು ಮಹಾರಾಷ್ಟ್ರದ ಕೋಲಾಡ್ ಮತ್ತು ಗೋವಾದ ವೆರ್ಣಾ ನಡುವೆ ಲಾರಿಗಳನ್ನು ಸರಕು ಸಮೇತ ರೈಲಿನ ಮೇಲೇರಿಸಿ ಸಾಗಿಸುವ ರೋ-ರೋ ಸೇವೆಯನ್ನು ಆರಂಭಿಸಿತು. ಮುಂದೆ ಅದು ನಮ್ಮ ಸುರತ್ಕಲ್‌ವರೆಗೂ ವಿಸ್ತರಿಸಿತು. ‘ರೋಲ್ ಆನ್, ರೋಲ್ ಆಫ್’ ಎಂಬುದರ ಸಂಕ್ಷೇಪವೇ ರೋ-ರೋ; ಅಂದರೆ ಉರುಳಿಕೊಂಡು ಹತ್ತುವುದು, ಉರುಳಿಕೊಂಡು ಇಳಿಯುವುದು. ಈ ಹೆಸರು ಮೂಲತಃ ಹಡಗುಗಳದ್ದು.

ಭಾರತದಲ್ಲಿ ಇಂದು ಸರಕು ಲಾರಿಗಳು ಸಮುದ್ರ ದಾಟುವುದನ್ನು ನೋಡಬೇಕಾದರೆ ಗುಜರಾತಿನ ಖಂಭಾತ್ ಕೊಲ್ಲಿಗೆ ಹೋಗಬೇಕು. 2020ರ ನವೆಂಬರ್ 8ರಂದು ಭಾವನಗರ ಜಿಲ್ಲೆಯ ಘೋಘಾ ಮತ್ತು ಸೂರತ್ ಸಮೀಪದ ಹಜೀರಾ ನಡುವೆ ಆರಂಭವಾದ ಸೇವೆಯು ಸುಮಾರು 370 ಕಿ.ಮೀ. ರಸ್ತೆಯ ಹಾದಿಯನ್ನು 90 ಕಿ.ಮೀ. ಜಲಮಾರ್ಗಕ್ಕೆ ಇಳಿಸಿತು. ಹತ್ತು ಹನ್ನೆರಡು ಗಂಟೆಗಳ ಪಯಣವು ನಾಲ್ಕು ಗಂಟೆಗಳದ್ದಾಯಿತು. ಅಂದು ಸೇವೆಗಿಳಿದ ‘ವೊಯೇಜ್ ಸಿಂಫನಿ’ ಎಂಬ ಹಡಗು 30 ಲಾರಿ, 100 ಕಾರು ಮತ್ತು 500 ಪ್ರಯಾಣಿಕರನ್ನು ಒಯ್ಯಬಲ್ಲದೆಂದು ಸರಕಾರವು ತಿಳಿಸಿತ್ತು. ಡೀಸೆಲ್ಲೂ ಹೊತ್ತೂ ಉಳಿಯುತ್ತವೆ, ಚಾಲಕನಿಗೆ ನಾಲ್ಕು ಗಂಟೆಗಳ ವಿಶ್ರಾಂತಿಯೂ ದೊರೆಯುತ್ತದೆ. ಇವೆಲ್ಲ ನಿಜವಾದ ಲಾಭಗಳೇ. ಆದರೆ ಇಂತಹ ಹಡಗುಗಳಿಗೆ ಅವುಗಳದೇ ಆದ ಒಂದು ದೌರ್ಬಲ್ಯವಿದೆ.

ಹರಿವಾಣದ ನೀರು

ಸಾಮಾನ್ಯ ಹಡಗಿನ ಒಡಲನ್ನು ಅಡ್ಡಗೋಡೆಗಳಿಂದ ಅನೇಕ ಕೋಣೆಗಳಾಗಿ ವಿಂಗಡಿಸಿರುತ್ತಾರೆ. ಒಂದು ಕೋಣೆಗೆ ನೀರು ನುಗ್ಗಿದರೂ ಉಳಿದವು ಹಡಗನ್ನು ತೇಲಿಸುತ್ತವೆ. ರೋ-ರೋ ಹಡಗಿನಲ್ಲಾದರೋ ಲಾರಿಗಳು ಒಂದು ತುದಿಯಿಂದ ಹತ್ತಿ ಇನ್ನೊಂದು ತುದಿಯವರೆಗೆ ಸಾಗಬೇಕು. ಆದುದರಿಂದ ವಾಹನಗಳ ಅಂತಸ್ತು ಅಡ್ಡಗೋಡೆಗಳಿಲ್ಲದ ಉದ್ದನೆಯ ಪಡಸಾಲೆಯಂತಿರುತ್ತದೆ.

ಮದುಮಕ್ಕಳಿಗೆ ಆರತಿ ಎತ್ತುವ ಕೆಂಪು ನೀರಿನ ಹರಿವಾಣವನ್ನು ಹಿಡಿದು ನಡೆದವರಿಗೆ ಮುಂದಿನ ಮಾತು ಸುಲಭವಾಗಿ ಅರ್ಥವಾದೀತು. ತುಂಬಿದ ಕೊಡವನ್ನು ಸೊಂಟದಲ್ಲಿಟ್ಟು ನಡೆಯುವುದು ಸುಲಭ. ಅಗಲವಾದ ಹರಿವಾಣದಲ್ಲಿ ಬೆರಳೆತ್ತರದ ನೀರನ್ನು ಒಯ್ಯುವುದು ಕಷ್ಟ. ಕೈ ತುಸು ಓರೆಯಾದರೂ ನೀರೆಲ್ಲವೂ ಅತ್ತಲೇ ಓಡಿ ಹರಿವಾಣವನ್ನು ಇನ್ನಷ್ಟು ಓರೆಯಾಗಿಸುತ್ತದೆ. ಲಾರಿಗಳ ಅಂತಸ್ತಿಗೆ ನೀರು ಹೊಕ್ಕರೆ ಆಗುವುದೂ ಇದೇ. ನೀರು ನಿಂತ ಜಾಗದ ಅಗಲವು ಎರಡು ಪಟ್ಟಾದರೆ ಹಡಗನ್ನು ಮಗುಚುವ ಈ ಪರಿಣಾಮವು ಎಂಟು ಪಟ್ಟಾಗುತ್ತದೆ. ಆದ್ದರಿಂದಲೇ ದೊಡ್ಡ ಹಡಗೊಂದಕ್ಕೂ ಮೊಣಕಾಲೆತ್ತರದ ನೀರು ಮೃತ್ಯುವಾಗಬಲ್ಲದು.

ಇದಕ್ಕೆ ಲಾರಿಯ ಭಾರವೂ ಸೇರಿಕೊಳ್ಳುತ್ತದೆ. ಅಲೆಗಳ ಹೊಡೆತಕ್ಕೆ ಹಡಗು ಇಪ್ಪತ್ತು ಡಿಗ್ರಿ ವಾಲಿತೆನ್ನೋಣ. ಆಗ 30 ಟನ್ ತೂಕದ ಲಾರಿಯು ಹತ್ತು ಟನ್ನಿಗೂ ಹೆಚ್ಚು ಬಲದಿಂದ ಪಕ್ಕಕ್ಕೆ ಎಳೆಯುತ್ತದೆ. ಉಪ್ಪುನೀರು, ಎಣ್ಣೆಗಳಿಂದ ಜಾರುವ ಉಕ್ಕಿನ ನೆಲದ ಮೇಲೆ ಕೇವಲ ಹ್ಯಾಂಡ್ ಬ್ರೇಕು ಅದನ್ನು ಹಿಡಿದು ನಿಲ್ಲಿಸಲಾರದು. ಒಂದು ಲಾರಿ ಜಾರಿ ಪಕ್ಕದ್ದಕ್ಕೆ ಬಡಿದರೆ ಎರಡೂ ಸೇರಿ ಮೂರನೆಯದನ್ನು ನೂಕುತ್ತವೆ. ಭಾರವೆಲ್ಲ ಒಂದೇ ಪಕ್ಕಕ್ಕೆ ಸರಿದ ಹಡಗು ಮತ್ತೆ ನೇರವಾಗುವುದು ಕಷ್ಟ. ಎತ್ತರಕ್ಕೆ ಸರಕು ಹೇರಿದ ಲಾರಿ ಮತ್ತು ಅರೆಬರೆ ತುಂಬಿದ ಟ್ಯಾಂಕರು ಇನ್ನೂ ಅಪಾಯಕಾರಿ. ಮೊದಲನೆಯದು ಬೇಗನೆ ಮಗುಚುತ್ತದೆ, ಎರಡನೆಯದರಲ್ಲಿ ಒಳಗಿನ ದ್ರವವೇ ಹೊಯ್ದಾಡುತ್ತದೆ.

ಪ್ರಾಣ ತೆತ್ತು ಕಲಿತ ಪಾಠಗಳು

ಗ್ರೀಸ್ ದೇಶದ ‘ಹೆರಾಕ್ಲಿಯೋನ್’ ಹಡಗು 1966ರ ಡಿಸೆಂಬರ್ 8ರ ಬಿರುಗಾಳಿಯಲ್ಲಿ ಏಜಿಯನ್ ಸಮುದ್ರದ ಪಾಲಾಯಿತು. ಸರಿಯಾಗಿ ಬಿಗಿಯದಿದ್ದ ಶೈತ್ಯಾಗಾರದ ಲಾರಿಯೊಂದು ಹಡಗಿನ ಪಕ್ಕದ ಬಾಗಿಲಿಗೆ ಬಡಿದು, ಬಾಗಿಲು ತೆರೆದುಕೊಂಡು ನೀರು ಒಳನುಗ್ಗಿತು. ಇನ್ನೂರಕ್ಕೂ ಹೆಚ್ಚು ಜನರು ಸತ್ತರು. ಅದಕ್ಕೂ ಹಿಂದೆ, 1953ರ ಜನವರಿ 31ರಂದು, ಸ್ಕಾಟ್ಲೆಂಡಿನಿಂದ ಉತ್ತರ ಐರ್ಲೆಂಡಿಗೆ ಹೊರಟಿದ್ದ ‘ಪ್ರಿನ್ಸೆಸ್ ವಿಕ್ಟೋರಿಯಾ’ ಹಡಗಿನ ಹಿಂಬಾಗಿಲುಗಳನ್ನು ಅಲೆಗಳು ಒಡೆದು 130ಕ್ಕೂ ಹೆಚ್ಚು ಜನರು ಮಡಿದಿದ್ದರು.

1987ರ ಮಾರ್ಚ್ 6ರಂದು ಬೆಲ್ಜಿಯಂನ ಜೀಬ್ರುಗ್ ಬಂದರಿನಿಂದ ಹೊರಟ ‘ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್’ ಮುಂಬಾಗಿಲನ್ನು ಮುಚ್ಚದೆಯೇ ಹೊರಟಿತ್ತು. ಬಿರುಗಾಳಿಯಿರಲಿಲ್ಲ, ಆದರೂ ನೀರು ಒಳಹೊಕ್ಕು ಕೆಲವೇ ಕ್ಷಣಗಳಲ್ಲಿ ಹಡಗು ಮಗುಚಿತು. 193 ಜನರು ಅಸುನೀಗಿದರು. 1994ರ ಸೆಪ್ಟೆಂಬರ್ 28ರಂದು ಬಾಲ್ಟಿಕ್ ಸಮುದ್ರದ ಬಿರುಗಾಳಿಯಲ್ಲಿ ‘ಎಸ್ಟೋನಿಯಾ’ದ ಮೂತಿಯ ಬಾಗಿಲು ಕಿತ್ತುಹೋಗಿ 852 ಜನರು ಮೃತಪಟ್ಟರು. ದಕ್ಷಿಣ ಕೊರಿಯಾದ ‘ಸೆವೋಲ್’ 2014ರ ಏಪ್ರಿಲ್ 16ರಂದು ಮುಳುಗಿದಾಗ 304 ಜನರು ಬಲಿಯಾದರು. ಅವರಲ್ಲಿ ಹೆಚ್ಚಿನವರು ಪ್ರವಾಸಕ್ಕೆ ಹೊರಟಿದ್ದ ಶಾಲಾ ಮಕ್ಕಳು. ಮಿತಿಮೀರಿದ ಸರಕು, ಅದನ್ನು ಸರಿಯಾಗಿ ಕಟ್ಟದಿದ್ದುದು, ಸಮತೋಲಕ್ಕೆಂದು ತಳದಲ್ಲಿ ತುಂಬಬೇಕಾದ ನೀರನ್ನು ಕಡಿಮೆ ಮಾಡಿದ್ದುದು ಇವು ಆ ದುರಂತದ ಕಾರಣಗಳಲ್ಲಿ ಸೇರಿದ್ದವು.

ನಮ್ಮ ದೇಶವೂ ಇದಕ್ಕೆ ಹೊರತಲ್ಲ. 2022ರ ಮಾರ್ಚ್‌ನಲ್ಲಿ ಝಾರ್ಖಂಡದ ಸಾಹಿಬ್‌ಗಂಜಿನಿಂದ ಬಿಹಾರದ ಮನಿಹಾರಿಗೆ ಲಾರಿಗಳನ್ನು ಸಾಗಿಸುತ್ತಿದ್ದ ಹಡಗೊಂದು ಗಂಗೆಯಲ್ಲಿ ಸಮತೋಲ ತಪ್ಪಿ ಹಲವು ಲಾರಿಗಳು ನದಿಗೆ ಉರುಳಿದವು. ಅದು ಕಡಲಲ್ಲ, ನದಿ. ಭಾರವು ಒಂದೆಡೆಗೆ ಸರಿದರೆ ನದಿಯೂ ಸಾಕು.

ಬಿಗಿಯುವ ಬಗೆ

ಘಾಟಿಯ ಏರಿನಲ್ಲಿ ಲಾರಿ ನಿಂತರೆ ಕ್ಲೀನರ್ ಹುಡುಗನು ಮೊದಲು ಮಾಡುವ ಕೆಲಸ ಚಕ್ರದ ಹಿಂದೆ ಕಲ್ಲಿಡುವುದು. ಹಡಗಿನಲ್ಲಿಯೂ ಚಕ್ರಗಳಿಗೆ ಅಡ್ಡವಾಗಿ ಬೆಣೆಗಳನ್ನಿಡುತ್ತಾರೆ. ಆದರೆ ಘಾಟಿಯ ಇಳಿಜಾರು ಒಂದೇ ದಿಕ್ಕಿನದು. ಹಡಗಿನ ಇಳಿಜಾರು ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುತ್ತದೆ. ಆದುದರಿಂದ ನೆಲದಲ್ಲಿ ಹುದುಗಿಸಿದ ಉಕ್ಕಿನ ಹಿಡಿಗಳಿಗೂ ಲಾರಿಯ ಚಾಸಿಸ್ಸಿಗೂ ಎರಡೂ ಪಕ್ಕಗಳಿಂದ ಸರಪಳಿ ಬಿಗಿಯಬೇಕು. ಟಾರ್ಪಾಲಿನ ಕೊಕ್ಕೆಗೋ ಬಾಡಿಯ ಹಲಗೆಗೋ ಕಟ್ಟಿದರೆ ಪ್ರಯೋಜನವಿಲ್ಲ. ಲಾರಿಯು ಸ್ಪ್ರಿಂಗ್ ಪಟ್ಟಿಗಳ ಮೇಲೆ ಓಲಾಡುವುದರಿಂದ ಬಿಗಿದ ಸರಪಳಿಯೂ ಸಡಿಲವಾಗುತ್ತದೆ. ಹೀಗಾಗಿ ಒರಟು ಹವೆಯಲ್ಲಿ ಸಿಬ್ಬಂದಿಯವರು ಮತ್ತೆ ಮತ್ತೆ ಪರೀಕ್ಷಿಸುತ್ತಿರಬೇಕು. ಲಾರಿಯ ಮೇಲೆ ಹೇರಿದ ಸರಕನ್ನು ಒಳಗಿನಿಂದಲೇ ಭದ್ರವಾಗಿ ಕಟ್ಟಿರದಿದ್ದರೆ ಹೊರಗಿನ ಸರಪಳಿ ಎಷ್ಟಿದ್ದರೂ ವ್ಯರ್ಥ. ಈ ಕೆಲಸವು ಬಂದರಿನಲ್ಲಿ ಮುಗಿಯುವಂಥದಲ್ಲ. ಸರಕು ತುಂಬುವ ಗೋದಾಮಿನಲ್ಲಿಯೇ, ನೂರಾರು ಮೈಲಿ ಒಳನಾಡಿನಲ್ಲಿಯೇ ಅದು ಆರಂಭವಾಗಬೇಕು.

ದುರಂತಗಳ ಬಳಿಕ ನಿಯಮಗಳೂ ಬಿಗಿಯಾದವು. ಬಾಗಿಲು ಮುಚ್ಚಿದೆಯೇ ಎಂಬುದನ್ನು ಕಪ್ತಾನನ ಕೊಠಡಿಯಲ್ಲಿ ದೀಪಗಳು ತೋರಿಸುವ ವ್ಯವಸ್ಥೆ ಬಂದಿತು. ವಾಹನಗಳ ಅಂತಸ್ತಿನಲ್ಲಿ ಅರ್ಧ ಮೀಟರಿನಷ್ಟು ನೀರು ನಿಂತರೂ ಹಡಗು ಮಗುಚಬಾರದೆಂಬ ನಿಬಂಧನೆಯನ್ನು ವಾಯವ್ಯ ಯೂರೋಪಿನ ರಾಷ್ಟ್ರಗಳು 1996ರ ಸ್ಟಾಕ್‌ಹೋಮ್ ಒಪ್ಪಂದದಲ್ಲಿ ಸೇರಿಸಿದವು.

ಎಚ್ಚರಿಕೆಯ ನಂಬರುಗಳು

ಈಗ ಪತ್ರಿಕೆಗಳ ‘ಮೂರನೆಯ ನಂಬರಿ’ಗೆ ಬರೋಣ. ಹವಾಮಾನ ಇಲಾಖೆಯ ಸೂಚನೆಯಂತೆ ನಮ್ಮ ಬಂದರುಗಳಲ್ಲಿ ಏರಿಸುವ ಸಂಕೇತಗಳು ಒಟ್ಟು ಹನ್ನೊಂದು. ಒಂದು ಮತ್ತು ಎರಡನೆಯವು ದೂರದ ಕಡಲಿನಲ್ಲಿ ವಾಯುಭಾರ ಕುಸಿತ ಅಥವಾ ಚಂಡಮಾರುತವಿದೆಯೆಂದು ಹೇಳುತ್ತವೆ. ಮೂರನೆಯದು ಆ ಬಂದರಿಗೇ ಬಿರುಗಾಳಿಯ ಹೊಡೆತ ತಟ್ಟಬಹುದೆಂಬ ಸ್ಥಳೀಯ ಎಚ್ಚರಿಕೆ. ನಾಲ್ಕನೆಯದು ಅದಕ್ಕಿಂತ ತೀವ್ರ. ಐದರಿಂದ ಏಳರವರೆಗಿನವು ಅಪಾಯದ, ಎಂಟರಿಂದ ಹತ್ತರವರೆಗಿನವು ಮಹಾ ಅಪಾಯದ ಸಂಕೇತಗಳು. ಹನ್ನೊಂದನೆಯದರ ಅರ್ಥ ಇಲಾಖೆಯೊಡನೆ ಸಂಪರ್ಕವೇ ಕಡಿದಿದೆಯೆಂದು.

ಅರಬ್ಬೀ ಸಮುದ್ರವು ಮುಂಗಾರಿನಲ್ಲಿ ಎಷ್ಟು ಒರಟಾಗಿರುತ್ತದೆಂಬುದನ್ನು ನಮ್ಮ ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಅಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ. ಮೀನುಗಳ ಸಂತಾನಾಭಿವೃದ್ಧಿಯ ಜೊತೆಗೆ ದೋಣಿಯವರ ಪ್ರಾಣರಕ್ಷಣೆಯೂ ಇದರಿಂದ ಆಗುತ್ತದೆ.

ನಾವು ಮಾಡಬಹುದಾದುದು

ರಜೆಯಲ್ಲಿ ಮುಂಬಯಿಯಿಂದ ಮಾಂಡವಾಕ್ಕೋ ಸೂರತ್ತಿನಿಂದ ಸೌರಾಷ್ಟ್ರಕ್ಕೋ ಕಾರು ಸಮೇತ ಹಡಗಿನಲ್ಲಿ ಹೋಗುವ ಕುಟುಂಬಗಳು ಕೆಲವು ಸಂಗತಿಗಳನ್ನು ಮನಸ್ಸಿನಲ್ಲಿಡಬೇಕು. ಹ್ಯಾಂಡ್ ಬ್ರೇಕ್ ಎಳೆದು, ಗೇರಿನಲ್ಲಿ ನಿಲ್ಲಿಸಿ ವಾಹನದಿಂದ ಇಳಿಯಿರಿ. ಹಡಗು ಚಲಿಸುವಾಗ ಮಕ್ಕಳನ್ನಾಗಲೀ ಹಿರಿಯರನ್ನಾಗಲೀ ಕಾರಿನಲ್ಲಿ ಬಿಡಬೇಡಿ. ಜೀವರಕ್ಷಕ ಜಾಕೆಟ್ ಎಲ್ಲಿದೆ, ಮೇಲಕ್ಕೆ ಹೋಗುವ ಮೆಟ್ಟಿಲು ಯಾವುದು ಎಂಬುದನ್ನು ಹತ್ತಿದೊಡನೆ ನೋಡಿಕೊಳ್ಳಿ. ಹವೆ ಸರಿಯಿಲ್ಲವೆಂದು ಪಯಣವನ್ನು ರದ್ದುಪಡಿಸಿದರೆ ಸಿಬ್ಬಂದಿಯೊಡನೆ ಜಗಳಕ್ಕಿಳಿಯಬೇಡಿ.

ಈ ಕೊನೆಯ ಮಾತು ಲಾರಿಗಳ ವಿಷಯದಲ್ಲಿ ಇನ್ನೂ ಮುಖ್ಯ. ದಡದಲ್ಲಿ ಕಾಯುವ ಪ್ರತಿ ಗಂಟೆಯ ನಷ್ಟವೂ ಹೆಚ್ಚಾಗಿ ಚಾಲಕನ ತಲೆಗೇ ಬೀಳುತ್ತದೆ. ‘ಇಂದೇ ತಲುಪಬೇಕು’ ಎಂಬ ಒತ್ತಾಯ ಬಂದಾಗ ತೂಕ ಮರೆಮಾಚುವುದೂ ಅವಸರದಲ್ಲಿ ಸರಪಳಿ ಬಿಗಿಯುವುದೂ ನಡೆಯುತ್ತವೆ. ನಮ್ಮ ಸದಸ್ಯರಲ್ಲಿ ಕಾರ್ಖಾನೆ ನಡೆಸುವವರು, ಸರಕು ತರಿಸುವವರು, ಮನೆ ಬದಲಾಯಿಸಿ ಸಾಮಾನು ಕಳಿಸುವವರು ಇದ್ದಾರೆ. ಸರಕಿನ ನಿಜವಾದ ತೂಕವನ್ನು ಬರೆಸುವುದು, ಮಳೆಗಾಲದಲ್ಲಿ ಎರಡು ದಿನ ಹೆಚ್ಚು ಕೊಡುವುದು, ಹವೆಯಿಂದಾದ ತಡಕ್ಕೆ ಚಾಲಕನ ಬಾಡಿಗೆ ಕಡಿಯದಿರುವುದು ಇವು ನಮ್ಮ ಕೈಯಲ್ಲಿಯೇ ಇವೆ.

ಸೇತುವೆಯಾದ ಕಡೆ ಚಿಂತೆ ತೀರಿತೆಂದೂ ಅಲ್ಲ. 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದ ಹಳೆಯ ಕಾಳಿ ಸೇತುವೆ ಕುಸಿದಾಗ ಅದರೊಡನೆ ನದಿಗೆ ಬಿದ್ದುದೂ ಒಂದು ಲಾರಿಯೇ. ಕತ್ತಲಲ್ಲಿ ಅದರ ಚಾಲಕನನ್ನು ಮೀನುಗಾರರು ಮತ್ತು ಪೊಲೀಸರು ಸೇರಿ ಬದುಕಿಸಿದರು. ಮುಂದಿನ ಸಲ ಊರಿಗೆ ಹೋಗುವಾಗ ಜಹೀರಾಬಾದಿನ ದಾರಿಯಲ್ಲಿ ಸರಪಳಿ ಬಿಗಿದ ಲಾರಿಯೊಂದು ಕಂಡರೆ, ಆ ಸರಪಳಿಯ ಬೆಲೆಯನ್ನು ಮಕ್ಕಳಿಗೂ ತಿಳಿಸಿ ಹೇಳೋಣ.