ಹಗುರವಾದ ಗಾಳ, ಭಾರವಾದ ಮೀನು

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಮ್ಮವರಲ್ಲಿ ಬಹುಮಂದಿ ಹೊಳೆಯ ದಡದಲ್ಲಿ ಹುಟ್ಟಿ ಬೆಳೆದವರು. ಬೈಂದೂರು, ಕುಂದಾಪುರ, ಉಡುಪಿ, ಕಾಸರಗೋಡುಗಳ ಕಡೆಯ ಹುಡುಗರಿಗೆ ಗಾಳ ಹಾಕುವುದೆಂಬುದು ಅಕ್ಷರಾಭ್ಯಾಸದೊಡನೆಯೇ ಕೈಗೆ ಬಂದ ವಿದ್ಯೆ. ಒಂದು ಬಿದಿರಿನ ಕೋಲು, ಎರಡು ಮಾರು ತಂಗೂಸು, ತೆಂಗಿನ ಗೆರಟೆಯಲ್ಲಿ ನಾಲ್ಕು ಎರೆಹುಳು, ಇಷ್ಟಿದ್ದರೆ ರಜೆಯ ದಿನವೊಂದು ಸುಖವಾಗಿ ಕಳೆಯುತ್ತಿತ್ತು. ಕೊಚ್ಚಿಗೋ ತಿರುವನಂತಪುರಕ್ಕೋ ಬಂದು ಹೋಟೆಲಿನ ತಟ್ಟೆ ಹಿಡಿದ ಮೇಲೆ, ಅಥವಾ ಕಚೇರಿಯ ಕಡತಗಳ ನಡುವೆ ಕುಳಿತ ಮೇಲೆ, ಆ ವಿದ್ಯೆ ಮರೆತುಹೋಗುವುದು ಸಹಜ. ಆದರೆ ಈ ಎರಡೂ ನಗರಗಳ ಸುತ್ತ ನೀರಿಗೆ ಕೊರತೆಯಿಲ್ಲ. ವಾರಕ್ಕೊಮ್ಮೆ ಸಿಕ್ಕುವ ಬಿಡುವನ್ನು ಬೀಡಿ, ಇಸ್ಪೀಟುಗಳಲ್ಲಿ ಕಳೆಯುವ ಬದಲು ಹಿನ್ನೀರಿನ ದಡದಲ್ಲಿ ಕಳೆಯಲಪೇಕ್ಷಿಸುವ ವಾಚಕರಿಗಾಗಿ ಈ ಲೇಖನ.

ಮೊದಲಿಗೆ ಒಂದು ಉದಾಹರಣೆಯನ್ನು ಹೇಳುವುದು ಉಚಿತ. ಎರ್ನಾಕುಳದ ಸಸ್ಯಾಹಾರಿ ಹೋಟೆಲೊಂದರಲ್ಲಿ ಸಪ್ಲಾಯರ್ ಆಗಿರುವ ಕುಂದಾಪುರದ ಕಡೆಯ ತರುಣನೊಬ್ಬ ನನಗೆ ಪರಿಚಿತ. ಅವನು ಊರಿಗೆ ಕಳುಹಿಸಬೇಕಾಗಿದ್ದ ಒಂದು ತಿಂಗಳ ಹಣದಲ್ಲಿ ಗಾಳದ ಕೋಲೊಂದನ್ನು ಕೊಂಡುಬಿಟ್ಟ. ಅದು ಹನ್ನೆರಡು ಅಡಿ ಉದ್ದದ್ದು. ಕಡಲಿನ ಅಲೆಗಳಾಚೆಗೆ ಸೀಸದ ಗುಂಡನ್ನು ಎಸೆಯುವುದಕ್ಕೆಂದು ಮಾಡಿದ್ದು. ಅದಕ್ಕೆ ತಕ್ಕ ದೊಡ್ಡ ರೀಲು, ಗರಿಕೆಕಡ್ಡಿಯಷ್ಟು ದಪ್ಪದ ತಂಗೂಸು. ನಾಲ್ಕು ವಾರ ಹಿನ್ನೀರಿನಲ್ಲಿ ಬೀಸಿದರೂ ಒಂದು ಮೀನೂ ಬೀಳಲಿಲ್ಲ. ತೋಳು ಮಾತ್ರ ಬಿದ್ದುಹೋಯಿತು. “ಕೋಲ್ ದಪ್ಪ ಇದ್ರೆ ಮೀನೂ ದೊಡ್ಡದ್ ಸಿಕ್ಕತ್ತ್ ಅಂದೇಳಿ ತಕಂಡೆ ಅಣ್ಣ” ಎಂದು ಅವನು ನನ್ನೆದುರು ಹೇಳಿಕೊಂಡಾಗ ನಗುವುದೋ ಮರುಗುವುದೋ ತಿಳಿಯಲಿಲ್ಲ. ಅತ್ತ ಊರಿನಲ್ಲಿ ತಾಯಿಯು ಅಂಗಡಿಯ ಸಾಲಕ್ಕೆ ಒಂದು ತಿಂಗಳ ವಾಯಿದೆ ಕೇಳಬೇಕಾಯಿತು. ಇಂತಹ ನಷ್ಟವು ಇನ್ನೊಬ್ಬರಿಗೆ ಆಗಬಾರದು.

ನಮ್ಮ ನೀರಿನ ‘ಬಾಸ್’

ಅಂಗಡಿಗಳಲ್ಲಿ ಹಗುರ ಗಾಳದ ಸಾಮಗ್ರಿಗಳ ಮೇಲೆ ‘ಬಾಸ್’ ಎಂಬ ಮೀನಿನ ಹೆಸರು ಅಚ್ಚಾಗಿರುವುದನ್ನು ಕಾಣಬಹುದು. ಅದು ಅಮೆರಿಕೆಯ ಸಿಹಿನೀರಿನ ಮೀನು, ನಮ್ಮ ಹಿನ್ನೀರಿನದಲ್ಲ. ನಮ್ಮಲ್ಲಿ ಆ ಹೆಸರಿಗೆ ಸಲ್ಲುವುದು ಕಡಲ ಬಾಸ್. ಮಲೆಯಾಳಿಗಳು ಇದನ್ನು ಕಾಳಾಂಜಿ ಎಂದೂ ನರಿಮೀನ್ ಎಂದೂ ಕರೆಯುತ್ತಾರೆ. ಕೊಂಕಣಿಗರು ಚೊಣಕ್ ಎನ್ನುತ್ತಾರೆ. ಕುಂದಾಪುರದ ಕಡೆ ಇದೇ ಕುರುಡಿ. ಆಸ್ಟ್ರೇಲಿಯದಲ್ಲಿ ಬಾರಮುಂಡಿ ಎಂಬ ಹೆಸರಿನಿಂದ ಪ್ರಖ್ಯಾತವಾಗಿರುವುದೂ ಇದೇ ಮೀನು.

ಬೆಳ್ಳಿಯ ಮೈ, ಬಾಗಿದ ಹಣೆ, ದೊಡ್ಡ ಬಾಯಿ, ದೀಪದ ಬೆಳಕಿಗೆ ಹೊಳೆಯುವ ಕಣ್ಣು ಇದರ ಲಕ್ಷಣಗಳು. ಇದು 60 ಕಿಲೋವರೆಗೂ ಬೆಳೆಯಬಲ್ಲುದಾದರೂ ಹಿನ್ನೀರಿನಲ್ಲಿ ಗಾಳಕ್ಕೆ ಬೀಳುವವು ಸಾಮಾನ್ಯವಾಗಿ ಒಂದರಿಂದ ನಾಲ್ಕೈದು ಕಿಲೋ ತೂಗುವವು. ಇದು ಬೆನ್ನಟ್ಟಿ ಬೇಟೆಯಾಡುವುದಕ್ಕಿಂತ ಹೆಚ್ಚಾಗಿ ಹೊಂಚಿ ಹಿಡಿಯುತ್ತದೆ. ಸೇತುವೆಯ ಕಂಬ, ಕಾಂಡ್ಲಾ ಗಿಡಗಳ ಬೇರು, ಮುರಿದ ಕಟ್ಟೆಯ ಕಲ್ಲು, ಇವುಗಳ ಮರೆಯಲ್ಲಿ ನಿಂತು, ಹರಿವಿನೊಡನೆ ಬರುವ ಸೀಗಡಿಯನ್ನೂ ಮರಿಮೀನನ್ನೂ ಬಾಯ್ತೆರೆದು ಒಮ್ಮೆಲೆ ಸೆಳೆದುಕೊಳ್ಳುತ್ತದೆ. ಆದುದರಿಂದ ನಾವು ದೂರ ಎಸೆಯಬೇಕಾದ ಅಗತ್ಯವಿಲ್ಲ. ತಕ್ಕ ಜಾಗಕ್ಕೆ ಎಸೆಯುವುದು ಮುಖ್ಯ. ಹಗುರ ಗಾಳದ ಪ್ರಯೋಜನವು ಮೊದಲು ಇಲ್ಲಿಯೇ ಕಾಣುತ್ತದೆ.

ಕೋಲು, ರೀಲು, ತಂಗೂಸು

ಕೋಲು ಆರೂವರೆಯಿಂದ ಏಳು ಅಡಿ ಉದ್ದವಿದ್ದರೆ ಸಾಕು. ತುದಿ ಮೆತ್ತಗೆ ಬಾಗಬೇಕು, ಬುಡ ಗಟ್ಟಿಯಾಗಿರಬೇಕು. 7ರಿಂದ 15 ಗ್ರಾಂ ತೂಕದ ಎರೆಯನ್ನು ಎಸೆಯಬಲ್ಲುದೆಂದು ಕೋಲಿನ ಮೇಲೆಯೇ ಬರೆದಿರುತ್ತದೆ. ಅದನ್ನು ಓದಿ ಕೊಳ್ಳತಕ್ಕದ್ದು. ಎರಡು ತುಂಡಾಗಿ ಬಿಚ್ಚುವಂತಹದಾದರೆ ಬಸ್ಸಿನಲ್ಲಿ ಒಯ್ಯುವುದಕ್ಕೂ, ನಾಲ್ವರು ಮಲಗುವ ಕೋಣೆಯ ಮೂಲೆಯಲ್ಲಿ ಇಡುವುದಕ್ಕೂ ಅನುಕೂಲ.

ರೀಲಿನಲ್ಲಿ 2500 ಅಥವಾ 3000 ಎಂಬ ಅಳತೆಯದು ಯೋಗ್ಯ. ಈ ಬಗೆಯ, ಉರುಳೆಯು ತಿರುಗದೆ ನಿಂತೇ ದಾರವನ್ನು ಬಿಡುವ ರೀಲಿಗೆ 1905ರಲ್ಲಿ ಹಕ್ಕುಪತ್ರ ಪಡೆದ ಇಂಗ್ಲೆಂಡಿನ ಇಲ್ಲಿಂಗ್‌ವರ್ತ್ ಎಂಬವನು ಬಟ್ಟೆ ಗಿರಣಿಯ ಉದ್ಯಮಿ. ಗಿರಣಿಯ ಕಂಡಿಕೆಯಿಂದ ನೂಲು ಜಾರುವುದೂ ಗಾಳದ ರೀಲಿನಿಂದ ದಾರ ಜಾರುವುದೂ ಒಂದೇ ತತ್ತ್ವ. ಅದಕ್ಕೆ ಮುಂಚೆ ಅತಿ ಹಗುರವಾದ ಎರೆಯನ್ನು ದೂರ ಎಸೆಯುವುದು ನುರಿತವರಿಗೂ ಕಷ್ಟಸಾಧ್ಯವಾಗಿತ್ತು.

ತಂಗೂಸು ಹತ್ತು ಪೌಂಡಿನದು, ಎಂದರೆ ಸುಮಾರು ನಾಲ್ಕೂವರೆ ಕಿಲೋ ಎಳೆತವನ್ನು ತಡೆಯುವಂತಹದು, ಸಾಕು. “ಐದು ಕಿಲೋ ಮೀನಿಗೆ ಇದು ಸಾಲುವುದೇ?” ಎಂದು ಕೇಳುವವರಿದ್ದಾರೆ. ನೀರಿನಲ್ಲಿರುವ ಮೀನಿನ ಭಾರವನ್ನು ನೀರೇ ಹೊತ್ತಿರುತ್ತದೆ. ದಾರದ ಮೇಲೆ ಬೀಳುವುದು ಅದರ ಎಳೆತ ಮಾತ್ರ. ಆದರೆ ಕುರುಡಿಯ ಬಾಯಿ ಅರದಂತೆ ಒರಟು, ಕಿವಿರಿನ ಮುಚ್ಚಳದ ಅಂಚು ಕತ್ತಿಯಂತೆ ಹರಿತ. ಆ ಕಾರಣದಿಂದ ಕೊನೆಯ ಎರಡು ಮೂರು ಅಡಿಗೆ ಮಾತ್ರ ಮೂವತ್ತು ಪೌಂಡಿನ ದಪ್ಪ ತಂಗೂಸನ್ನು ಜೋಡಿಸಬೇಕು. ಗಂಟನ್ನು ಬಿಗಿಯುವ ಮೊದಲು ಎಂಜಲಿನಿಂದ ಒದ್ದೆ ಮಾಡುವುದನ್ನು ಮರೆಯಬಾರದು. ಒಣ ತಂಗೂಸು ಉಜ್ಜಿದಾಗ ಬಿಸಿಯಾಗಿ ಆ ಗಂಟಿನಲ್ಲಿಯೇ ತುಂಡಾಗುತ್ತದೆ.

ಎರೆಗಳಲ್ಲಿ ಜೀವಂತ ಸೀಗಡಿಗೆ ಸಮಾನವಾದುದಿಲ್ಲ. ಹುಸಿಮೀನನ್ನು ಬಳಸುವವರು ಬೆರಳುದ್ದದ ಎರಡು ಮೂರು ಇಟ್ಟುಕೊಂಡರೆ ಧಾರಾಳವಾಯಿತು. ಅಂಗಡಿಯ ಗಾಜಿನ ಕಪಾಟಿನಲ್ಲಿ ಬಣ್ಣಬಣ್ಣದವು ನೂರಾರು ಇರುತ್ತವೆ. ಅವು ಮೀನಿಗಿಂತ ಮುಂಚೆ ಮನುಷ್ಯನನ್ನು ಹಿಡಿಯುತ್ತವೆ. ಅಮೆರಿಕೆಯ ದೊಡ್ಡಬಾಯಿ ಬಾಸ್ ಮೀನಿನ ವಿಶ್ವದಾಖಲೆಯನ್ನು 1932ರ ಜೂನ್ 2ರಂದು ಸ್ಥಾಪಿಸಿದವನು ಜಾರ್ಜಿಯ ಪ್ರಾಂತದ ಜಾರ್ಜ್ ಪೆರಿ ಎಂಬ ಬಡ ಬೇಸಾಯಗಾರ. ಅವನು ಹಿಡಿದುದು 22 ಪೌಂಡು 4 ಔನ್ಸು, ಎಂದರೆ ಸುಮಾರು ಹತ್ತು ಕಿಲೋ ತೂಕದ ಮೀನು. ಆ ಮೀನನ್ನು ಮನೆಯವರೆಲ್ಲ ಉಂಡರು. 2009ರಲ್ಲಿ ಜಪಾನಿನ ಬೀವಾ ಸರೋವರದಲ್ಲಿ ಮನಾಬು ಕುರಿತ ಎಂಬವರು ಸರಿಸಮಾನ ತೂಕದ ಮೀನನ್ನು ಹಿಡಿಯುವ ತನಕ ಆ ದಾಖಲೆಗೆ ಸಮನಾದುದಿರಲಿಲ್ಲ. ಶ್ರೀಮಂತ ಸಾಮಗ್ರಿಯಿಂದಲೇ ದೊಡ್ಡ ಮೀನು ಬೀಳುವುದಾಗಿದ್ದರೆ ಪೆರಿಯ ಹೆಸರು ಇಂದು ಯಾರಿಗೂ ತಿಳಿದಿರುತ್ತಿರಲಿಲ್ಲ. ಕೋಲು, ರೀಲು, ತಂಗೂಸು, ಗಾಳ ಎಲ್ಲವೂ ಸೇರಿ ಒಂದು ವಾರದ ಸಂಬಳವನ್ನು ಮೀರಕೂಡದು. ಅದೂ ಊರಿಗೆ ಹಣ ಕಳುಹಿಸಿ ಉಳಿದುದರಲ್ಲಿ ಕೂಡಿಟ್ಟು ಕೊಳ್ಳತಕ್ಕದ್ದು. ಇದು ನನ್ನ ಸಲಹೆ.

ಬಿಟ್ಟುಕೊಡುವ ಬಲ

ಹಗುರ ಗಾಳದ ಮರ್ಮವೆಲ್ಲ ರೀಲಿನ ಒಂದು ತಿರುಪಿನಲ್ಲಿದೆ. ಅಂಗಡಿಯವರು ಅದನ್ನು ‘ಡ್ರ್ಯಾಗ್’ ಎನ್ನುತ್ತಾರೆ. ಮೀನು ಜೋರಾಗಿ ಎಳೆದಾಗ ದಾರವು ತುಂಡಾಗುವ ಬದಲು ತಡೆದು ತಡೆದು ಜಾರುವಂತೆ ಮಾಡುವುದೇ ಇದರ ಕೆಲಸ. ದಾರದ ಬಲದ ನಾಲ್ಕನೆಯ ಒಂದು ಪಾಲಿಗೆ ಇದನ್ನು ಹೊಂದಿಸಬೇಕು. ಇದಕ್ಕೆ ತಕ್ಕಡಿ ಬೇಡ. ಒಂದು ಲೀಟರು ನೀರು ತುಂಬಿದ ಬಾಟಲಿ ಸುಮಾರು ಒಂದು ಕಿಲೋ ತೂಗುತ್ತದೆ. ಅದನ್ನು ತಂಗೂಸಿನ ತುದಿಗೆ ಕಟ್ಟಿ ಕೋಲನ್ನು ಮೆಲ್ಲಗೆ ಎತ್ತಿರಿ. ಬಾಟಲಿಯು ನೆಲ ಬಿಟ್ಟು ಏಳಬೇಕು. ಕೋಲನ್ನು ಸ್ವಲ್ಪ ಜಗ್ಗಿದೊಡನೆ ದಾರ ಜಾರಬೇಕು. ಹತ್ತು ಪೌಂಡಿನ ತಂಗೂಸಿಗೆ ಇದೇ ಸರಿಯಾದ ಬಿಗಿ.

ಮೀನು ಕಚ್ಚಿ ಓಡುವಾಗ ರೀಲನ್ನು ಸುತ್ತಬಾರದು; ಓಡಲು ಬಿಡಬೇಕು. ಅದು ನಿಂತಾಗ ಕೋಲನ್ನು ಹಿಂದಕ್ಕೆ ಬಾಗಿಸಿ, ಮುಂದಕ್ಕೆ ಇಳಿಸುತ್ತ ಸುತ್ತಬೇಕು. ಕುರುಡಿಯು ನೀರಿನಿಂದ ಮೇಲಕ್ಕೆ ನೆಗೆದು ತಲೆ ಕೊಡಹುವುದುಂಟು. ಆಗ ಕೋಲಿನ ತುದಿಯನ್ನು ನೀರಿನತ್ತ ತಗ್ಗಿಸಿ, ದಾರವನ್ನು ಸಡಿಲಗೊಡದೆ ಹಿಡಿದರೆ ಗಾಳ ಕಳಚುವುದು ಕಡಮೆ. ಸಿಟ್ಟಿನ ಗಿರಾಕಿಯೊಡನೆ ವರ್ಷಗಟ್ಟಲೆ ವ್ಯವಹರಿಸಿದ ನಮ್ಮ ಸಪ್ಲಾಯರಿಗೆ ಈ ನೀತಿಯನ್ನು ಯಾರೂ ಕಲಿಸಬೇಕಾಗಿಲ್ಲ. ಎಳೆದವನೊಡನೆ ಎಳೆಯಬಾರದು, ಹಿಡಿತವನ್ನೂ ಬಿಡಬಾರದು.

ಎರಡು ಊರು, ಎರಡು ನೀರು

ಕೊಚ್ಚಿಯ ಅಳಿವೆಯು ವರ್ಷವಿಡೀ ತೆರೆದಿರುತ್ತದೆ. ಅದರ ಬಾಯಿಗೆ ಅಡ್ಡವಾಗಿದ್ದ ದಿಣ್ಣೆಯನ್ನು ಎಂಜಿನಿಯರ್ ರಾಬರ್ಟ್ ಬ್ರಿಸ್ಟೋ ಕೊರೆಸಿದ ತರುವಾಯ, 1928ರ ಮೇ 26ರಂದು ‘ಪದ್ಮಾ’ ಎಂಬ ಹಡಗು ಒಳಬಂದಿತು. ದಿನಕ್ಕೆ ಎರಡಾವರ್ತಿ ಉಬ್ಬರವೂ ಇಳಿತವೂ ವೇಂಬನಾಡಿನ ಒಳಗಿನವರೆಗೆ ಸಾಗುತ್ತವೆ. ಇಳಿತದ ವೇಳೆ ಸಣ್ಣ ತೋಡುಗಳ ನೀರು ಸೀಗಡಿಯೊಡನೆ ದೊಡ್ಡ ಹೊಳೆಗೆ ಸುರಿಯುವ ಬಾಯಿಯಲ್ಲಿ ಕುರುಡಿ ಕಾದಿರುತ್ತದೆ. ವೈಪೀನ್, ಕುಂಬಳಂಗಿ, ಕಡಮಕ್ಕುಡಿಗಳಲ್ಲಿ ಇಂತಹ ಬಾಯಿಗಳು ಅನೇಕ. ಮಧ್ಯಾಹ್ನದ ಊಟದ ಗಲಾಟೆ ಮುಗಿದು ಸಂಜೆಯ ಕಾಫಿಗೆ ಮುನ್ನ ಸಿಕ್ಕುವ ಎರಡು ಗಂಟೆಗಳು ಇಳಿತದೊಡನೆ ಕೂಡಿಬಂದ ದಿನ ಹೊರಡಬಹುದು. ಉಬ್ಬರವಿಳಿತವು ದಿನದಿನಕ್ಕೆ ಸುಮಾರು ಐವತ್ತು ನಿಮಿಷ ಹಿಂದೆ ಸರಿಯುವುದರಿಂದ, ಇಂದಿನ ಹೊತ್ತನ್ನು ನೋಡಿಕೊಂಡರೆ ನಾಳಿನದನ್ನು ಲೆಕ್ಕ ಹಾಕಬಹುದು. ಅಮಾವಾಸ್ಯೆ, ಹುಣ್ಣಿಮೆಗಳ ಸುಮಾರಿಗೆ ಹರಿವು ಹೆಚ್ಚು.

ತಿರುವನಂತಪುರದ ಸಂಗತಿ ಬೇರೆ. ವೇಳಿ, ಪೂವಾರುಗಳಲ್ಲಿ ಅಳಿವೆಗೆ ಪೊಳಿ ಎನ್ನುತ್ತಾರೆ. ಮಳೆಯಿಲ್ಲದ ತಿಂಗಳುಗಳಲ್ಲಿ ಅಲೆಗಳು ಮರಳನ್ನು ತಂದೊಟ್ಟಿ ಬಾಯಿಯನ್ನು ಮುಚ್ಚುತ್ತವೆ. ಮಳೆ ಬಂದಾಗ ನೀರು ತಾನಾಗಿ ಒಡೆಯುತ್ತದೆ, ಇಲ್ಲವೇ ಜನರು ಕಡಿದು ಬಿಡುತ್ತಾರೆ. ಮುಚ್ಚಿದ ಕಾಲದಲ್ಲಿ ಹರಿವಿರುವುದಿಲ್ಲ. ಆಗ ಮುಂಜಾವ ಅಥವಾ ಮುಸ್ಸಂಜೆಯಲ್ಲಿ ದಡದ ಗಿಡಗಳ ನೆರಳಿಗೆ ಹಗುರವಾದ ಹುಸಿಮೀನನ್ನು ಸದ್ದಿಲ್ಲದೆ ಇಳಿಸಬೇಕು. ಪೊಳಿ ಒಡೆದ ದಿನ ಮಾತ್ರ ಅದರ ಅಂಚಿನಲ್ಲಿ ನಿಲ್ಲಲೇಬಾರದು. ಕಾಲ ಕೆಳಗಿನ ಮರಳೇ ಕುಸಿದು ಕಡಲಿಗೆ ಹೋಗುತ್ತದೆ.

ಹಿರಿಯ ಮೀನಿನ ಋಣ

ಕುರುಡಿಯ ಜೀವನದಲ್ಲಿ ಒಂದು ವಿಚಿತ್ರವಿದೆ. ಇದು ಮೊದಲು ಗಂಡಾಗಿ ಪ್ರಾಯಕ್ಕೆ ಬಂದು, ಕೆಲವು ವರ್ಷಗಳಾದ ಮೇಲೆ ಹೆಣ್ಣಾಗಿ ಮಾರ್ಪಡುತ್ತದೆ. ಆದುದರಿಂದ ಬಹಳ ದೊಡ್ಡ ಮೀನುಗಳು ಬಹುಮಟ್ಟಿಗೆ ತಾಯಂದಿರು. ಒಂದೊಂದೂ ಲಕ್ಷಗಟ್ಟಲೆ ಮೊಟ್ಟೆಗಳನ್ನು ಇಡತಕ್ಕವು. ಹಿನ್ನೀರಿನಲ್ಲಿ ಬೆಳೆದ ಇವು ಮೊಟ್ಟೆಯಿಡುವುದಕ್ಕೆ ಉಪ್ಪುನೀರಿನ ಅಳಿವೆಯತ್ತ ಇಳಿಯಬೇಕು. ವೇಂಬನಾಡಿಗೆ 1970ರ ದಶಕದಲ್ಲಿ ತಣ್ಣೀರ್‌ಮುಕ್ಕದಲ್ಲಿ ಕಟ್ಟಿದ ಕಟ್ಟೆಯು ಕುಟ್ಟನಾಡಿನ ಭತ್ತವನ್ನು ಉಪ್ಪುನೀರಿನಿಂದ ಕಾಯುತ್ತದೆ. ಆದರೆ ಬಾಗಿಲು ಮುಚ್ಚಿದ ತಿಂಗಳುಗಳಲ್ಲಿ ಮೀನುಗಳ ಈ ದಾರಿಯೂ ಮುಚ್ಚುತ್ತದೆ.

ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡಿನಲ್ಲಿ ಸಾಮಾನ್ಯವಾಗಿ 58 ಸೆಂಟಿಮೀಟರಿಗಿಂತ ಕಿರಿದಾದುದನ್ನೂ 120 ಸೆಂಟಿಮೀಟರಿಗಿಂತ ಹಿರಿದಾದುದನ್ನೂ ಇಟ್ಟುಕೊಳ್ಳುವಂತಿಲ್ಲ. ನಾವೂ ಇದನ್ನು ಮನಸ್ಸಿನ ಕಟ್ಟಳೆಯಾಗಿ ಇಟ್ಟುಕೊಳ್ಳುವುದು ಶ್ರೇಯಸ್ಕರ: ಮರಿಯನ್ನು ಬಿಡುವುದು, ಮಹಾತಾಯಿಯನ್ನು ಬಿಡುವುದು, ನಡುವಣದರಲ್ಲಿ ಒಂದನ್ನು ಒಯ್ಯುವುದು. ತಿನ್ನಲೇಬೇಕೆಂಬವರಿಗೆ ಸಾಕಿದ ಮೀನು ಪೇಟೆಯಲ್ಲಿದೆ. ಚೆನ್ನೈಯ ಕೇಂದ್ರೀಯ ಚೌಳುನೀರಿನ ಜಲಕೃಷಿ ಸಂಸ್ಥೆಯು 1997ರಲ್ಲಿ ಇದರ ಸಂತಾನವೃದ್ಧಿಯಲ್ಲಿ ಯಶಸ್ಸು ಪಡೆದ ಮೇಲೆ ಕೊಳಗಳಲ್ಲಿಯೂ ಪಂಜರಗಳಲ್ಲಿಯೂ ಇದನ್ನು ಸಾಕುವುದು ಸಾಧ್ಯವಾಯಿತು. ಬಿಡುವ ಮೀನನ್ನು ಒದ್ದೆ ಕೈಯಿಂದ ಹೊಟ್ಟೆಯ ಕೆಳಗೆ ಆಧರಿಸಿ ನೀರಿಗಿಳಿಸಬೇಕು. ಕಿವಿರಿನೊಳಕ್ಕೆ ಬೆರಳು ಹಾಕಿದರೆ ಮೀನಿಗೂ ಕೇಡು, ಬೆರಳಿಗೂ ಕೇಡು.

ಕೆಲವು ಎಚ್ಚರಿಕೆಗಳು

ಈಗಿನ ಕೋಲುಗಳು ಬಹುತೇಕ ಇಂಗಾಲದ ನಾರಿನವು. ಅವುಗಳಲ್ಲಿ ವಿದ್ಯುತ್ತು ಹರಿಯುತ್ತದೆ. ತಂತಿಗಳ ಕೆಳಗೆ ಕೋಲೆತ್ತಬಾರದು. ತುಲಾಮಾಸದ ಮಧ್ಯಾಹ್ನಗಳಲ್ಲಿ ಗುಡುಗು ಕೇಳಿದೊಡನೆ ಬಿಚ್ಚಿ ಕಟ್ಟಿ ಸೂರಿನಡಿ ಸೇರಬೇಕು. ಬಂದರಿನ ಹಾಗೂ ನೌಕಾಪಡೆಯ ಎಲ್ಲೆಗಳಿಗೆ ಹೋಗತಕ್ಕದ್ದಲ್ಲ. ಚೀನಾ ಬಲೆ, ಗೂಟದ ಬಲೆಗಳ ಬಳಿ ಎಸೆಯಬಾರದು. ನಮಗೆ ವಿನೋದವಾದುದು ಅವರಿಗೆ ಅನ್ನ. ಯಾರ ದಡದಲ್ಲಿ ನಿಲ್ಲುವಿರೋ ಅವರನ್ನು “ಚೇಟ್ಟಾ, ಇವಿಡೆ ಚೂಂಡ ಇಡಾಮೋ?” ಎಂದು ಕೇಳಿ ನಿಲ್ಲಿರಿ. ಸಿಕ್ಕುಬಿದ್ದ ತಂಗೂಸಿನ ತುಂಡುಗಳನ್ನು ಅಲ್ಲಿ ಬಿಸಾಡದೆ ಕಿಸೆಯಲ್ಲಿ ತನ್ನಿರಿ. ಹಕ್ಕಿಗಳ ಕಾಲಿಗೆ ಅದು ಉರುಳಾಗುತ್ತದೆ. ಮನೆಗೆ ಬಂದ ಮೇಲೆ ರೀಲನ್ನು ಸಿಹಿನೀರಿನಲ್ಲಿ ತೊಳೆದು ಒರಸಿಡತಕ್ಕದ್ದು.

ಮೊದಲು ಹೇಳಿದ ತರುಣನು ಆ ದೊಡ್ಡ ಕೋಲನ್ನು ಅರ್ಧ ಬೆಲೆಗೆ ಮಾರಿದ. ಆರು ತಿಂಗಳು ಚಿಲ್ಲರೆ ಕೂಡಿಹಾಕಿ ಏಳಡಿಯ ಸಾಧಾರಣ ಕೋಲೊಂದನ್ನು ಕೊಂಡ. ಕುಂಬಳಂಗಿಯ ಒಂದು ತೋಡಿನ ಬಾಯಿಯಲ್ಲಿ, ಇಳಿತದ ಹೊತ್ತಿನಲ್ಲಿ, ಎರಡು ಕಿಲೋದ ಕುರುಡಿಯೊಂದು ಅವನಿಗೆ ಬಿದ್ದಿತು. ಹೋಟೆಲಿನ ಅಡಿಗೆಮನೆಗೆ ಮೀನನ್ನು ಒಯ್ಯುವಂತಿಲ್ಲವಷ್ಟೆ. ದಡದಲ್ಲಿ ನಿಲ್ಲಲು ಅನುಮತಿಯಿತ್ತ ಮನೆಯವರಿಗೆ ಅದನ್ನು ಕೊಟ್ಟು ಬಂದ. ಮುಂದಿನ ವಾರ ಆ ಮನೆಯ ಹಿರಿಯರು ಅವನನ್ನು ಕರೆದು ಚಹಾ ಕೊಟ್ಟರಂತೆ. ಈಗ ಅವನಿಗೆ ಕೊಚ್ಚಿಯಲ್ಲಿ ಹೋಟೆಲಿನ ಹೊರಗೂ ಒಂದು ಮನೆಯ ಬಳಕೆಯಿದೆ; ಊರಿಗೆ ಹೋಗಬೇಕಾದ ಹಣವೂ ತಿಂಗಳ ಮೊದಲ ವಾರವೇ ಹೋಗುತ್ತಿದೆ.