ಕ್ರಿಸ್‌ಮಸ್ ಹಾಡಿನ ಕೂಟ

ಡಿಸೆಂಬರ್ ತಿಂಗಳು ಬಂತು ಅಂದರೆ ನಮ್ಮ ಕಡೆ ಚಳಿ ಜೋರು. ದಾಂಡೇಲಿಯ ಓಣಿಗಳಲ್ಲಿ ಕೆಲವು ಮನೆಗಳ ಮುಂದೆ ಕಾಗದದ ನಕ್ಷತ್ರ ತೂಗುತ್ತದೆ. ಅದರೊಳಗೆ ದೀಪ ಉರಿಯುತ್ತದೆ. ಸಂಜೆ ಹೊತ್ತು ಗಿಟಾರ್, ಡೋಲು ಹಿಡಿದ ಗುಂಪು ಮನೆಮನೆಗೆ ಹಾಡುತ್ತಾ ಬರುತ್ತದೆ. "ಕ್ಯಾರೋಲ್‌ನವರು ಬಂದ್ರು" ಅಂತ ಮಕ್ಕಳು ಬಾಗಿಲಿಗೆ ಓಡುತ್ತಾರೆ.

ಈ ಕ್ಯಾರೋಲ್ ಅಂದರೇನು? ಚರ್ಚಿನಲ್ಲಿ ನಡೆಯುವ ಹಾಡಿನ ಕೂಟ ಹೇಗಿರುತ್ತದೆ? ಬನ್ನಿ, ತಿಳಿಯೋಣ.

ಹುಟ್ಟಿನ ಹಾಡು

ಯೇಸುಕ್ರಿಸ್ತನ ಹುಟ್ಟಿನ ಕಥೆ ಹೇಳುವ ಹಾಡೇ ಕ್ರಿಸ್‌ಮಸ್ ಕ್ಯಾರೋಲ್. ಬಡ ತಾಯಿ, ದನದ ಕೊಟ್ಟಿಗೆ, ಕುರಿ ಕಾಯುವವರು, ಆಕಾಶದ ನಕ್ಷತ್ರ ಎಲ್ಲವೂ ಈ ಹಾಡುಗಳಲ್ಲಿ ಬರುತ್ತವೆ. ನಾವು ತೊಟ್ಟಿಲು ತೂಗುವಾಗ ಜೋಗುಳ ಹಾಡುತ್ತೇವೆ ಅಲ್ಲವೇ? ಕೆಲವು ಕ್ಯಾರೋಲ್‌ಗಳು ಜೋಗುಳದ ಹಾಗೇ ಇರುತ್ತವೆ.

ಕ್ರಿಸ್‌ಮಸ್‌ಗೆ ಕೊಂಕಣಿಯಲ್ಲಿ ನಾತಾಳ ಅಂತಾರೆ. ಚರ್ಚಿಗೆ ಇಗರ್ಜಿ ಅಂತಾರೆ. ಈ ಎರಡೂ ಮಾತು ಪೋರ್ಚುಗೀಸ್ ಭಾಷೆಯಿಂದ ಬಂದವು. ಜೋಯಿಡಾ ತಾಲ್ಲೂಕು ಗೋವಾದ ಗಡಿಯಲ್ಲೇ ಇದೆ ನೋಡಿ.

ನಾಲ್ಕು ದನಿ, ಒಂದು ಹಾಡು

ಚರ್ಚಿನ ಹಾಡುಗಾರರ ತಂಡಕ್ಕೆ ಕ್ವಾಯರ್ ಅನ್ನುತ್ತಾರೆ. ನಮ್ಮ ಭಜನೆಯಲ್ಲಿ ಒಬ್ಬರು ಹೇಳಿಕೊಡುತ್ತಾರೆ, ಉಳಿದವರು ಅದನ್ನೇ ಹಾಡುತ್ತಾರೆ. ಕ್ವಾಯರ್‌ನ ರೀತಿ ಬೇರೆ. ಅಲ್ಲಿ ಸಾಮಾನ್ಯವಾಗಿ ನಾಲ್ಕು ಗುಂಪು ಇರುತ್ತವೆ. ಹೆಂಗಸರ ಎತ್ತರದ ದನಿ ಒಂದು, ತಗ್ಗಿದ ದನಿ ಒಂದು. ಗಂಡಸರಲ್ಲೂ ಹಾಗೇ ಎರಡು. ಮಾತು ಒಂದೇ, ಆದರೆ ಒಂದೊಂದು ಗುಂಪಿನ ಧಾಟಿ ಬೇರೆ. ನಾಲ್ಕೂ ಕೂಡಿದಾಗ ಹಾಡು ತುಂಬಿ ಬರುತ್ತದೆ. ಇದಕ್ಕೆ ವಾರಗಟ್ಟಲೆ ಅಭ್ಯಾಸ ಬೇಕು. ಒಬ್ಬರು ತಪ್ಪಿದರೂ ಕೇಳುವವರಿಗೆ ಗೊತ್ತಾಗಿಬಿಡುತ್ತದೆ!

ಹಾಡಿನ ಜೊತೆ ಪಾಠ

ಕೂಟದಲ್ಲಿ ಬರೀ ಹಾಡು ಇರುವುದಿಲ್ಲ. ಒಂದು ಪಾಠ, ಒಂದು ಹಾಡು, ಮತ್ತೆ ಒಂದು ಪಾಠ, ಮತ್ತೆ ಒಂದು ಹಾಡು. ಪಾಠ ಅಂದರೆ ಬೈಬಲಿನ ಒಂದು ಭಾಗವನ್ನು ಗಟ್ಟಿಯಾಗಿ ಓದುವುದು.

ಈ ಪದ್ಧತಿ ಇಂಗ್ಲೆಂಡಿನದು. 1880ರಲ್ಲಿ ಟ್ರೂರೋ ಎಂಬ ಊರಲ್ಲಿ ದೊಡ್ಡ ಚರ್ಚು ಕಟ್ಟುವ ಕೆಲಸ ನಡೆದಿತ್ತು. ಅಲ್ಲಿಯವರೆಗೆ ಪ್ರಾರ್ಥನೆಗೆ ಒಂದು ಮರದ ಕಟ್ಟಡವೇ ಗತಿ. ಅಲ್ಲಿ ಕ್ರಿಸ್‌ಮಸ್ ಹಿಂದಿನ ರಾತ್ರಿ ಒಂಬತ್ತು ಪಾಠ ಓದಿ ಕ್ಯಾರೋಲ್ ಹಾಡಿದರು. 1918ರಲ್ಲಿ ಮೊದಲನೆಯ ಮಹಾಯುದ್ಧ ಮುಗಿಯಿತು. ಆ ವರ್ಷ ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನ ಚರ್ಚಿನಲ್ಲೂ ಇದು ಶುರುವಾಯಿತು. 1928ರಲ್ಲಿ ರೇಡಿಯೋದಲ್ಲಿ ಬಂತು. ಆಮೇಲೆ ಲೋಕವೆಲ್ಲ ಹರಡಿತು.

ಇಲ್ಲಿ ಒಂದು ಒಳ್ಳೆಯ ಮಾತಿದೆ. ಮೊದಲ ಪಾಠ ಓದುವವನು ದೊಡ್ಡ ಗುರು ಅಲ್ಲ, ಹಾಡುವ ಒಬ್ಬ ಸಣ್ಣ ಹುಡುಗ. ಚಿಕ್ಕವರಿಂದ ಶುರುವಾಗಿ ಹಿರಿಯರ ಕಡೆಗೆ ಹೋಗುತ್ತದೆ. ಓದಲು ಬಂದರೆ ಸಾಕು, ಚಿಕ್ಕವರಿಗೂ ಅಲ್ಲಿ ಜಾಗ ಇದೆ.

ಯಾವ ಭಾಷೆಯಲ್ಲಿ ಹಾಡಬೇಕು?

ನಮ್ಮ ದಾಂಡೇಲಿ ಹಲವು ಭಾಷೆಯ ಊರು. 1955ರಲ್ಲಿ ಇಲ್ಲಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್ ಕಂಪನಿ ಆಯಿತು. ಕೆಲಸಕ್ಕೆ ಬೇರೆ ಬೇರೆ ರಾಜ್ಯದ ಜನ ಬಂದರು. ಕನ್ನಡ, ಕೊಂಕಣಿ, ಮರಾಠಿ, ತೆಲುಗು, ತಮಿಳು, ಮಲಯಾಳ ಎಲ್ಲ ಒಂದೇ ಓಣಿಯಲ್ಲಿ ಕೇಳಿಬಂದವು. ದೇವರ ಹಾಡನ್ನು ತನ್ನ ತಾಯಿನುಡಿಯಲ್ಲೇ ಹಾಡಬೇಕು ಅಂತ ಯಾರಿಗೆ ಆಸೆ ಇಲ್ಲ?

ಹಿಂದೆ ಕ್ಯಾಥೊಲಿಕರ ಪೂಜೆ ಲ್ಯಾಟಿನ್ ಭಾಷೆಯಲ್ಲಿ ನಡೆಯುತ್ತಿತ್ತು. ಜನರಿಗೆ ಅರ್ಥ ಆಗುತ್ತಿರಲಿಲ್ಲ. 1962ರಿಂದ 1965ರವರೆಗೆ ರೋಮಿನಲ್ಲಿ ದೊಡ್ಡ ಸಭೆ ನಡೆಯಿತು. ಜನರ ಭಾಷೆಯಲ್ಲಿ ಪೂಜೆ ಮಾಡಬಹುದು ಅಂತ ಆಗ ಒಪ್ಪಿದರು.

ಕನ್ನಡದ ಕೆಲಸ ಇನ್ನೂ ಹಳೆಯದು. ಬಾಸೆಲ್ ಮಿಶನ್‌ನವರು 1834ರಲ್ಲಿ ಮಂಗಳೂರಿಗೆ ಬಂದರು. 1837ರಲ್ಲಿ ನಮ್ಮ ಹಳಿಯಾಳದ ಪಕ್ಕದ ಧಾರವಾಡಕ್ಕೆ ಬಂದರು. ಅವರು ಕನ್ನಡ ಕಲಿತು ಕನ್ನಡದಲ್ಲೇ ಹಾಡು ಬರೆದರು. ಕನ್ನಡ ನಿಘಂಟು ಮಾಡಿದ ಕಿಟೆಲ್ ಸಾಹೇಬರು ಇದೇ ಮಿಶನ್ನಿನವರು. ಅವರು 1862ರಲ್ಲಿ 'ಕಥಾಮಾಲೆ' ಎಂಬ ಪುಸ್ತಕ ಬರೆದರು. ಅದರಲ್ಲಿ ಯೇಸುವಿನ ಕಥೆಯನ್ನು ಕನ್ನಡದ ಪದ್ಯದಲ್ಲಿ ಹೇಳಿದ್ದಾರೆ.

ಮೇಷ್ಟ್ರು ಕಟ್ಟಿದ ಧಾಟಿ

'ಸೈಲೆಂಟ್ ನೈಟ್' ಎಂಬ ಕ್ಯಾರೋಲ್ ಲೋಕಕ್ಕೆಲ್ಲ ಗೊತ್ತು. ಅದು ಹುಟ್ಟಿದ್ದು ಆಸ್ಟ್ರಿಯಾ ದೇಶದಲ್ಲಿ. ಜೋಸೆಫ್ ಮೋರ್ ಎಂಬ ಪಾದ್ರಿ ಮಾತು ಬರೆದಿದ್ದರು. ಗ್ರೂಬರ್ ಎಂಬ ಹಳ್ಳಿ ಶಾಲೆಯ ಮೇಷ್ಟ್ರು ಧಾಟಿ ಕಟ್ಟಿದರು. 1818ರ ಡಿಸೆಂಬರ್ 24ರಂದು ಓಬರ್ನ್‌ಡಾರ್ಫ್ ಊರಿನ ಚರ್ಚಿನಲ್ಲಿ ಇಬ್ಬರೂ ಗಿಟಾರ್ ಜೊತೆ ಹಾಡಿದರು. ಅವರು ಅದನ್ನು ಕಾಗದದ ಮೇಲೆ ಬರೆದಿಟ್ಟರು. ಅದಕ್ಕೇ ಹಾಡು ಉಳಿಯಿತು, ನೂರಾರು ಭಾಷೆಗೆ ಹೋಯಿತು.

ನಮ್ಮ ಹಾಡು ಉಳಿಯಬೇಕಲ್ಲ?

ಹಳಿಯಾಳ, ಮುಂಡಗೋಡದ ಕಡೆ ಸಿದ್ದಿ ಜನ ಇದ್ದಾರೆ. ಅವರ ಹಿರಿಯರು ಆಫ್ರಿಕಾದಿಂದ ಬಂದವರು. ಸಿದ್ದಿಗಳಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಇದ್ದಾರೆ. ಹಬ್ಬ, ಮದುವೆ ಬಂದರೆ ಡಮಾಮಿ ಎಂಬ ದೊಡ್ಡ ಡೋಲು ಬಾರಿಸಿ ಹಾಡಿ ಕುಣಿಯುತ್ತಾರೆ. ಈ ಹಾಡುಗಳು ಬಾಯಿಂದ ಬಾಯಿಗೆ ಬಂದವು. ಹಾಡುವ ಅಜ್ಜಿ ಹೋದರೆ ಅವರ ಜೊತೆ ಹಾಡೂ ಹೋಗಬಹುದು. ಇದು ಸಿದ್ದಿಗಳ ಮಾತಷ್ಟೇ ಅಲ್ಲ. ಕುಟ್ಟುವ ಪದ, ಬೀಸುವ ಪದ, ಸೋಬಾನೆ ಪದ ಎಲ್ಲಕ್ಕೂ ಇದೇ ಮಾತು.

ಹಾಡಿಗೆ ಕಿವಿ ಸಾಕು. ಓದು ಬರೆಯಲು ಬಾರದವರೂ ಕೇಳಿ ಕೇಳಿ ಹಾಡುತ್ತಾರೆ. ಆದರೆ ಪಾಠ ಓದಲು ಅಕ್ಷರ ಬೇಕು. ಹಾಡು ಬರೆದಿಡಲೂ ಅಕ್ಷರ ಬೇಕು. ಆ ಅಕ್ಷರ ಈಗ ನಿಮ್ಮ ಕೈಯಲ್ಲಿದೆ.

ಒಂದು ಸುಲಭದ ದಾರಿ ಹೇಳುತ್ತೇವೆ. ಬಾಯಿಗೆ ಬರುವ ಒಂದು ಹಾಡು ತೆಗೆದುಕೊಳ್ಳಿ. ಅದು ಅಚ್ಚಾದ ಹಾಳೆ ಹುಡುಕಿ. ನಿಧಾನವಾಗಿ ಹಾಡುತ್ತಾ ಒಂದೊಂದು ಪದದ ಕೆಳಗೆ ಬೆರಳಿಡಿ. ಮಾತು ಮೊದಲೇ ಗೊತ್ತು, ಹಾಗಾಗಿ ಅಕ್ಷರ ಬೇಗ ಗುರುತು ಸಿಗುತ್ತದೆ. ಆಮೇಲೆ ಹಾಡದೆ ಓದಿ. ಕೊನೆಗೆ ನೋಡದೆ ಬರೆಯಿರಿ. ಭಜನೆ ಪದ, ಕ್ಯಾರೋಲ್, ಜೋಗುಳ ಯಾವುದಾದರೂ ಸರಿ.

ಈ ಡಿಸೆಂಬರಿನಲ್ಲಿ ನಿಮ್ಮೂರಿನಲ್ಲಿ ಹಾಡಿನ ಕೂಟ ಇದ್ದರೆ ಹೋಗಿ ಕೇಳಿ. ನಿಮ್ಮ ಧರ್ಮ ಬೇರೆ ಆದರೂ ನೆರೆಮನೆಯವರ ಹಬ್ಬ ಅದು. ಪಾಠ ಓದುವವರನ್ನು ಗಮನವಿಟ್ಟು ನೋಡಿ. ಮನೆಗೆ ಬಂದು, ನಿಮ್ಮ ಅವ್ವನಿಗೋ ಅಜ್ಜಿಗೋ ಗೊತ್ತಿರುವ ಒಂದು ಹಾಡು ಹೇಳಿಸಿ ಬರೆದುಕೊಳ್ಳಿ. ಕೆಳಗೆ ಅವರ ಹೆಸರನ್ನೂ ಬರೆಯಿರಿ.